‘ಡಾರ್ಕ್ ಶ್ಯಾಡೋಸ್’ನ 1219ನೇ ಕಂತು: ಅಭಿಮಾನಿಗಳ ನೆನಪು ಮಾಡಿದ ಕೆಲಸ

ಅಮೆರಿಕದ ಎಬಿಸಿ ವಾಹಿನಿಯಲ್ಲಿ 1966ರ ಜೂನ್ 27ರಿಂದ 1971ರ ಏಪ್ರಿಲ್ 2ರವರೆಗೆ, ಸೋಮವಾರದಿಂದ ಶುಕ್ರವಾರ, ದಿನಕ್ಕೆ ಅರ್ಧ ಗಂಟೆಯಂತೆ ಬಂದ ಧಾರಾವಾಹಿ ‘ಡಾರ್ಕ್ ಶ್ಯಾಡೋಸ್’. ಒಟ್ಟು 1,225 ಕಂತುಗಳು. ಒಂದನ್ನು ಬಿಟ್ಟು ಉಳಿದೆಲ್ಲವೂ ಇಂದಿಗೂ ನೋಡಲು ಸಿಗುತ್ತವೆ. ಸಿಗದಿರುವುದು 1219ನೇ ಸಂಖ್ಯೆಯದು, 1971ರ ಫೆಬ್ರವರಿ ಕೊನೆಯ ವಾರ ಪ್ರಸಾರವಾದದ್ದು. (ಪ್ರಸಾರ ರದ್ದಾದ ದಿನ ಒಂದು ಸಂಖ್ಯೆ ಹಾರಿಸಿ ಮುಂದೆ ಹೋಗುತ್ತಿದ್ದರು. ಹಾಗಾಗಿ ಕಂತುಗಳು 1,225 ಇದ್ದರೂ ಕೊನೆಯದರ ಸಂಖ್ಯೆ 1245.) ಆ ಒಂದು ಕಂತಿನ ವೀಡಿಯೊ ಟೇಪ್ ಉಳಿದಿಲ್ಲ. ಆದರೂ ಧಾರಾವಾಹಿಯ ಪೂರ್ತಿ ಡಿವಿಡಿ ಪೆಟ್ಟಿಗೆ ಕೊಂಡವರಿಗೆ ಅದರ ಮಾತುಗಳು ಕೇಳಲು ಸಿಗುತ್ತವೆ. ಕಾರಣ, ಪ್ರಸಾರದ ಹೊತ್ತಿನಲ್ಲಿ ಒಬ್ಬ ವೀಕ್ಷಕರು ಮನೆಯಲ್ಲಿ ಟಿ.ವಿ.ಯ ಧ್ವನಿಯನ್ನು ಟೇಪಿಗೆ ಹಿಡಿದಿಟ್ಟಿದ್ದರು.

ವಾಹಿನಿ ಉಳಿಸಿಕೊಳ್ಳಲಾಗದ್ದನ್ನು ಮನೆಯಲ್ಲಿ ಕೂತು ನೋಡಿದವರು ಉಳಿಸಿಕೊಟ್ಟರು. ಹಳೆಯ ಧಾರಾವಾಹಿಯ ಅಭಿಮಾನಿಗಳು ಸೇರಿ ನೆನಪು ಮಾಡಿಕೊಳ್ಳುವುದನ್ನು ಬರೀ ಹಳಹಳಿಕೆ ಎಂದು ತಳ್ಳಿಹಾಕುವವರು ಬಹಳ. ಈ ಪ್ರಕರಣ ನೋಡಿದರೆ ಹಾಗೆನ್ನಲು ಬಾಯಿ ಬರುವುದಿಲ್ಲ. ಇಲ್ಲಿ ನೆನಪು ದುಡಿದಿದೆ. ಟೇಪು ಕೂಡಿಟ್ಟಿದೆ, ಕೈಬರಹದ ಸಾರಾಂಶ ಬರೆದಿದೆ, ಮರುಪ್ರಸಾರ ಕೇಳಿ ವಾಹಿನಿಗಳ ಬಾಗಿಲು ತಟ್ಟಿದೆ. ಅದು ಹೇಗಾಯಿತು, ಬೇರೆ ನೂರು ಧಾರಾವಾಹಿಗಳಿಗೆ ಆಗದ್ದು ಇದಕ್ಕೇ ಏಕೆ ಆಯಿತು ಎಂಬುದನ್ನು ಕೆದಕಿ ನೋಡುವುದು ಈ ಬರಹದ ಉದ್ದೇಶ.

ದೆವ್ವಗಳಿಲ್ಲದೆ ಶುರುವಾದ ಮನೆ

ನಿರ್ಮಾಪಕ ಡ್ಯಾನ್ ಕರ್ಟಿಸ್‌ಗೆ ಬಿದ್ದ ಒಂದು ಕನಸು ಇದರ ಮೂಲ. ರೈಲಿನಲ್ಲಿ ಒಬ್ಬಳೇ ಹೋಗುತ್ತಿರುವ ಹುಡುಗಿ, ಎತ್ತಲೋ ಇರುವ ದೊಡ್ಡ ಮನೆ. ಅದನ್ನೇ ಬೆಳೆಸಿ ಆರ್ಟ್ ವ್ಯಾಲೆಸ್ ಕಥೆ ಕಟ್ಟಿದರು. ಅನಾಥಾಲಯದಲ್ಲಿ ಬೆಳೆದ ವಿಕ್ಟೋರಿಯಾ ವಿಂಟರ್ಸ್ ಮೇನ್ ರಾಜ್ಯದ ಕಡಲ ತೀರದ ಕಾಲಿನ್ಸ್‌ಪೋರ್ಟ್ ಎಂಬ ಕಲ್ಪಿತ ಊರಿಗೆ ಬಂದು, ಬೆಟ್ಟದ ಮೇಲಿನ ‘ಕಾಲಿನ್‌ವುಡ್’ ಬಂಗಲೆಯಲ್ಲಿ ಡೇವಿಡ್ ಎಂಬ ಹುಡುಗನಿಗೆ ಪಾಠ ಹೇಳುವ ಕೆಲಸಕ್ಕೆ ಸೇರುತ್ತಾಳೆ. ಬಂಗಲೆಯ ಹೊರನೋಟಕ್ಕೆ ಬಳಸಿದ್ದು ರೋಡ್ ಐಲೆಂಡ್‌ನ ನ್ಯೂಪೋರ್ಟ್‌ನಲ್ಲಿರುವ ‘ಸೀವ್ಯೂ ಟೆರೇಸ್’ ಎಂಬ ಭಾರಿ ಮನೆಯನ್ನು. ಒಳಗಿನದ್ದೆಲ್ಲ ನ್ಯೂಯಾರ್ಕಿನ ಸ್ಟುಡಿಯೊದ ಸೆಟ್. ಮನೆಯೊಡತಿ ಎಲಿಜಬೆತ್ ಪಾತ್ರಕ್ಕೆ ಹಾಲಿವುಡ್‌ನ ಹಳೆಯ ತಾರೆ ಜೋನ್ ಬೆನೆಟ್ ಬಂದರು. ಹದಿನೆಂಟು ವರ್ಷದಿಂದ ಮನೆಯ ಹೊಸ್ತಿಲು ದಾಟದ ಹೆಂಗಸು ಆಕೆ.

ಮೊದಲ ತಿಂಗಳುಗಳಲ್ಲಿ ಕಥೆಯೇನೋ ಗಾಥಿಕ್ (ಹಳೆಯ ಬಂಗಲೆ, ಗುಟ್ಟು, ಭಯಗಳ ಬಗೆಯದ್ದು), ಆದರೆ ದೆವ್ವ ಕಣ್ಣಿಗೆ ಬೀಳುವುದಿಲ್ಲ. ಬಾಗಿಲು ಕಿರುಗುಟ್ಟುತ್ತದೆ, ಯಾರೋ ಅಳುತ್ತಾರೆ, ಅಷ್ಟೇ. ವೀಕ್ಷಕರ ಸಂಖ್ಯೆ ಏಳಲಿಲ್ಲ. ಮೆಲ್ಲಗೆ ಒಂದೊಂದೇ ಅಲೌಕಿಕ ಸಂಗತಿ ಒಳಗೆ ಬಂತು: ಕಾಲಿನ್ಸ್ ಕುಟುಂಬ ಹಿಂದೆ ವಾಸವಿದ್ದು ಈಗ ಪಾಳುಬಿದ್ದ ಹಳೇ ಮನೆಯ ಗೋಡೆಯ ಚಿತ್ರಪಟದಿಂದ ಜೋಸೆಟ್ ಎಂಬ ಹೆಣ್ಣಿನ ಪ್ರೇತ ಇಳಿದು ಬಂತು, ಆಮೇಲೆ ಬೆಂಕಿಯಲ್ಲಿ ಸತ್ತು ಬೆಂಕಿಯಲ್ಲೇ ಮರಳುವ ಲಾರಾ ಬಂದಳು. ಅಷ್ಟಾದರೂ ಧಾರಾವಾಹಿ ನಿಲ್ಲುವ ಹಂತಕ್ಕೆ ಬಂದಾಗ ಕರ್ಟಿಸ್ ಕೊನೆಯ ಅಸ್ತ್ರವಾಗಿ ರಕ್ತಪಿಶಾಚಿಯನ್ನೇ ತಂದರು. 1967ರ ಏಪ್ರಿಲ್ 17ರ ಕಂತಿನಲ್ಲಿ, ಒಡವೆ ಕದಿಯಲು ಕಾಲಿನ್ಸ್ ಕುಟುಂಬದ ಸಮಾಧಿಗೆ ನುಗ್ಗಿದ ವಿಲಿ ಲೂಮಿಸ್ ಗುಪ್ತ ಕೋಣೆಯಲ್ಲಿ ಸರಪಳಿ ಬಿಗಿದ ಶವಪೆಟ್ಟಿಗೆಯೊಂದನ್ನು ತೆರೆಯುತ್ತಾನೆ. ಒಳಗಿಂದ ಒಂದು ಕೈ ಬಂದು ಅವನ ಕುತ್ತಿಗೆ ಹಿಡಿಯುತ್ತದೆ. ಮರುದಿನ ಕಾಲಿನ್‌ವುಡ್‌ನ ಬಾಗಿಲಲ್ಲಿ, ಇಂಗ್ಲೆಂಡಿನಿಂದ ಬಂದ ದೂರದ ಸಂಬಂಧಿ ಎಂದು ಹೇಳಿಕೊಂಡು, ತೋಳದ ತಲೆಯ ಕೈಗೋಲು ಹಿಡಿದು ಬಾರ್ನಬಸ್ ಕಾಲಿನ್ಸ್ ನಿಂತಿದ್ದ.

ಪಾತ್ರ ಮಾಡಿದವರು ಕೆನಡಾದ ಹ್ಯಾಮಿಲ್ಟನ್ ಊರಿನ ಜೊನಾಥನ್ ಫ್ರಿಡ್. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್‌ನಲ್ಲೂ ಅಮೆರಿಕದ ಯೇಲ್‌ನಲ್ಲೂ ರಂಗಶಿಕ್ಷಣ ಪಡೆದ, ಆಗಲೇ ನಲವತ್ತು ದಾಟಿದ್ದ ನಟ. ಬಾರ್ನಬಸ್‌ನನ್ನು ಕೆಲವೇ ವಾರ ಇಟ್ಟುಕೊಂಡು ಎದೆಗೆ ಗೂಟ ಹೊಡೆದು ಮುಗಿಸುವುದು ಮೂಲ ಯೋಜನೆ. ನೋಡುವವರು ಬಿಡಲಿಲ್ಲ.

ಎಲ್ಲರದ್ದೂ ಒಂದೇ ನೆನಪು

ಅಂದಿನ ವೀಕ್ಷಕರನ್ನು ಮಾತಿಗೆ ಎಳೆದರೆ ಮೊದಲು ಹೊರಬೀಳುವ ಮಾತು ಒಂದೇ: “ಶಾಲೆ ಬಿಟ್ಟೊಡನೆ ಮನೆಗೆ ಓಡುತ್ತಿದ್ದೆವು.” ದೇಶದ ಯಾವ ಮೂಲೆಯವರು ಹೇಳಿದರೂ ಇದೇ ವಾಕ್ಯ. ಧಾರಾವಾಹಿಯ ಬಗ್ಗೆ ನಟರು ಬರೆದ ಪುಸ್ತಕಗಳಲ್ಲೂ ಇದೇ ಓಟ ಬರುತ್ತದೆ. ಇಷ್ಟು ಜನ ಒಂದೇ ರೀತಿ ನೆನಪಿಟ್ಟುಕೊಂಡದ್ದು ಹೇಗೆ?

ಉತ್ತರ ಪ್ರಸಾರದ ವೇಳಾಪಟ್ಟಿಯಲ್ಲಿದೆ ಎಂದು ನನಗೆ ತೋರುತ್ತದೆ. ಶುರುವಿನಲ್ಲಿ ಧಾರಾವಾಹಿ ಪೂರ್ವ ಕರಾವಳಿಯ ಲೆಕ್ಕದಲ್ಲಿ ಸಂಜೆ ನಾಲ್ಕಕ್ಕೆ ಬರುತ್ತಿತ್ತು. 1967ರ ಏಪ್ರಿಲ್ ಮೊದಲ ವಾರ ಅದನ್ನು ಮೂರೂವರೆಗೆ ಹಿಂದೆ ತಂದರು. ಬಾರ್ನಬಸ್ ಬಂದದ್ದು ಅದಾಗಿ ಎರಡೇ ವಾರಕ್ಕೆ. ಮೂರರ ಆಸುಪಾಸಿಗೆ ಗಂಟೆ ಬಾರಿಸುವ ಶಾಲೆಯಿಂದ ಮೂರೂವರೆಗೆ ಟಿ.ವಿ. ಮುಂದೆ ಕೂರಬೇಕಾದರೆ ಓಡದೆ ಗತಿಯಿಲ್ಲ. 1968ರ ಜುಲೈನಲ್ಲಿ ಮತ್ತೆ ನಾಲ್ಕು ಗಂಟೆಗೆ ಹೋದ ಮೇಲೆ ಮಕ್ಕಳಿಗೆ ಉಸಿರಾಡಲು ಪುರಸೊತ್ತು ಸಿಕ್ಕಿತು. ಆದರೆ ಓಡಿದ ಆ ಒಂದೂಕಾಲು ವರ್ಷವೇ ಎಲ್ಲರ ಮನಸ್ಸಿನಲ್ಲಿ ಇಡೀ ಧಾರಾವಾಹಿಯ ನೆನಪಾಗಿ ಕೂತಿತು. ಆಗ ತಪ್ಪಿಸಿಕೊಂಡದ್ದು ತಪ್ಪಿಹೋಯಿತು ಎಂದೇ ಅರ್ಥ. ಮನೆಯಲ್ಲಿ ರೆಕಾರ್ಡ್ ಮಾಡುವ ವೀಡಿಯೊ ಯಂತ್ರ ಜನರ ಕೈಗೆ ಇನ್ನೂ ಬಂದಿರಲಿಲ್ಲ. ಅದೇ ದಿನ ಮತ್ತೊಮ್ಮೆ ಹಾಕುವ ಪದ್ಧತಿಯೂ ಇರಲಿಲ್ಲ. ಹಗಲಿನ ಧಾರಾವಾಹಿ ಎಂದರೆ ಮನೆಯಲ್ಲಿರುವ ಗೃಹಿಣಿಯರಿಗೆ, ಸೋಪು ಮಾರುವವರ ಹಣದಲ್ಲಿ ಮಾಡುವಂಥದ್ದು ಎಂಬ ಲೆಕ್ಕಾಚಾರದ ಕಾಲ. ಮಕ್ಕಳು ಅದರ ಮುಂದೆ ಬಂದು ಕೂತದ್ದನ್ನು ಯಾರೂ ಎಣಿಸಿರಲಿಲ್ಲ.

ಆ 1967ರ ಬೇಸಿಗೆಯ ಕಥೆಯೂ ಮಕ್ಕಳನ್ನು ಹಿಡಿದು ಕೂರಿಸುವಂಥದ್ದೇ. ಬಾರ್ನಬಸ್, ಊರಿನ ಹೋಟೆಲಿನಲ್ಲಿ ಬಡಿಸುವ ಮ್ಯಾಗಿ ಎವನ್ಸ್ ತನ್ನ ಹಳೆಯ ಪ್ರೇಯಸಿ ಜೋಸೆಟ್‌ಳ ಹಾಗೇ ಇರುವುದನ್ನು ಕಂಡು ಅವಳನ್ನು ಹೊತ್ತೊಯ್ಯುತ್ತಾನೆ. ಹಳೇ ಮನೆಯಲ್ಲಿ ಕೂಡಿಹಾಕಿ, ಜೋಸೆಟ್‌ಳ ಉಡುಪು ತೊಡಿಸಿ, ಒಂದು ಪುಟ್ಟ ಸಂಗೀತದ ಪೆಟ್ಟಿಗೆಯ ಮುಚ್ಚಳ ತೆರೆದು ಎದುರಿಗಿಟ್ಟು, ನೀನು ಮ್ಯಾಗಿಯಲ್ಲ, ಜೋಸೆಟ್ ಎಂದು ಮತ್ತೆ ಮತ್ತೆ ನಂಬಿಸಲು ನೋಡುತ್ತಾನೆ. ರಾಬರ್ಟ್ ಕೋಬರ್ಟ್ ಸಂಯೋಜಿಸಿದ ಆ ಪೆಟ್ಟಿಗೆಯ ರಾಗ ಅಂದಿನ ಮಕ್ಕಳಿಗೆ ಈಗಲೂ ಬಾಯಿಪಾಠ. ಸೆರೆಯಲ್ಲಿರುವ ಮ್ಯಾಗಿಯ ಬಳಿಗೆ ಒಬ್ಬಳು ಪುಟ್ಟ ಹುಡುಗಿ ಬರುತ್ತಾಳೆ. ಕೈಯಲ್ಲಿ ಗೊಂಬೆ, ಬಾಯಲ್ಲಿ ‘ಲಂಡನ್ ಬ್ರಿಜ್’ ಪದ್ಯದ ರಾಗ. ಅವಳು ಸಾರಾ, ಬಾರ್ನಬಸ್‌ನ ಸತ್ತುಹೋದ ತಂಗಿ. ಗೋಡೆಯಲ್ಲಿ ಅಡಗಿರುವ ದಾರಿಯನ್ನು ಒಗಟಿನ ಪದ್ಯದ ರೂಪದಲ್ಲಿ ಹೇಳಿಕೊಟ್ಟು ಮ್ಯಾಗಿಯನ್ನು ಪಾರುಮಾಡುವುದು ಈ ಪ್ರೇತಮಗುವೇ.

ನನ್ನ ಮಟ್ಟಿಗೆ ಈ ಪ್ರಕರಣದ ಕೀಲಿ ಇರುವುದು ಸಾರಾಳಲ್ಲಿ. ದೊಡ್ಡವರಿಗಾಗಿ ಬರೆದ ಕಥೆಯಲ್ಲಿ ಸತ್ಯ ಗೊತ್ತಿರುವವರು ಇಬ್ಬರು ಮಕ್ಕಳು: ಒಬ್ಬಳು ಸತ್ತವಳು, ಇನ್ನೊಬ್ಬ ಅವಳ ಜೊತೆ ಆಡುವ ಡೇವಿಡ್. ಡೇವಿಡ್ ಕಂಡದ್ದನ್ನು ಕಂಡಹಾಗೆ ಹೇಳಿದರೂ ಮನೆಯ ದೊಡ್ಡವರು ಒಬ್ಬರೂ ನಂಬುವುದಿಲ್ಲ. ಟಿ.ವಿ. ಮುಂದಿನ ಮಗುವಿಗೆ ಇದಕ್ಕಿಂತ ಹತ್ತಿರದ ಸಂಕಟ ಯಾವುದು? ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಬಾರ್ನಬಸ್ ಎಂದರೆ ಸಭ್ಯ ಮಾತಿನ ದೂರದ ನೆಂಟ. ಮಗುವಿಗೆ ಗೊತ್ತು ಅವನು ಯಾರೆಂದು.

1795: ನೆನಪನ್ನೇ ಕಥೆ ಮಾಡಿದ್ದು

1967ರ ನವೆಂಬರ್‌ನಲ್ಲಿ ಬರಹಗಾರರು ಕೈಗೆತ್ತಿಕೊಂಡದ್ದು ಹಗಲಿನ ಧಾರಾವಾಹಿಯಲ್ಲಿ ಯಾರೂ ಮಾಡದ ಸಾಹಸ. ಸಾರಾಳ ಪ್ರೇತವನ್ನು ಕರೆಯಲು ಕಾಲಿನ್‌ವುಡ್‌ನಲ್ಲಿ ಎಲ್ಲರೂ ಮೇಜಿನ ಸುತ್ತ ಕೈ ಹಿಡಿದು ಕೂತಾಗ ವಿಕ್ಟೋರಿಯಾ ಮಾಯವಾಗಿ 1795ನೇ ಇಸವಿಯಲ್ಲಿ ಕಣ್ಣು ಬಿಡುತ್ತಾಳೆ. ಅಲ್ಲಿಂದ ಸುಮಾರು ನಾಲ್ಕೂವರೆ ತಿಂಗಳು ಧಾರಾವಾಹಿ ವರ್ತಮಾನಕ್ಕೆ ಮರಳಲೇ ಇಲ್ಲ. ಅದೇ ನಟರು ತಮ್ಮದೇ ಪೂರ್ವಜರಾದರು. ಎಲಿಜಬೆತ್ ಆಗಿದ್ದ ಜೋನ್ ಬೆನೆಟ್ ಬಾರ್ನಬಸ್‌ನ ತಾಯಿ ನವೋಮಿಯಾದರು, ಡೇವಿಡ್‌ನ ತಂದೆ ರೋಜರ್ ಆಗಿದ್ದ ಲೂಯಿಸ್ ಎಡ್ಮಂಡ್ಸ್ ಬಾರ್ನಬಸ್‌ನ ತಂದೆ ಜೋಶುವಾ ಆದರು, ಮ್ಯಾಗಿಯಾಗಿದ್ದ ಕ್ಯಾಥರಿನ್ ಲೀ ಸ್ಕಾಟ್ ನಿಜವಾದ ಜೋಸೆಟ್ ಆದರು. ಯಕ್ಷಗಾನ ಮೇಳದಲ್ಲಿ ನಿನ್ನೆ ರಾಮನಾಗಿದ್ದವರು ಇಂದು ರಾವಣನಾಗಿ ಬಂದರೆ ನೋಡುವವರಿಗೆ ಎರಡೂ ಪಾತ್ರ ಒಟ್ಟಿಗೆ ಕಾಣುತ್ತದಲ್ಲ, ಹಾಗೆ.

ಇಲ್ಲಿ ಬಂದವಳು ಆಂಜೆಲೀಕ್. ಲಾರಾ ಪಾರ್ಕರ್ ಮಾಡಿದ ಪಾತ್ರ. ಮಾರ್ಟಿನೀಕ್ ದ್ವೀಪದಿಂದ ಜೋಸೆಟ್‌ಳ ಸೋದರತ್ತೆಯ ಜೊತೆ ಬಂದ ಸೇವಕಿ, ಮಾಟ ಬಲ್ಲವಳು. ಬಾರ್ನಬಸ್ ಅವಳನ್ನು ಒಮ್ಮೆ ಬಯಸಿ ಕೈಬಿಟ್ಟಿದ್ದ. ಅವಳು ಮಾಟದಿಂದ ಜೋಸೆಟ್‌ಳ ಮನಸ್ಸನ್ನು ಬಾರ್ನಬಸ್‌ನ ಚಿಕ್ಕಪ್ಪ ಜೆರಮಾಯಾನ ಕಡೆಗೆ ತಿರುಗಿಸುತ್ತಾಳೆ. ದ್ವಂದ್ವಯುದ್ಧದಲ್ಲಿ ಬಾರ್ನಬಸ್ ತನ್ನ ಪ್ರಾಣಸ್ನೇಹಿತನಂತಿದ್ದ ಚಿಕ್ಕಪ್ಪನನ್ನೇ ಕೊಲ್ಲುತ್ತಾನೆ. ಕೊನೆಗೆ ಆಂಜೆಲೀಕ್‌ಳ ನಿಜ ತಿಳಿದು ಗುಂಡು ಹಾರಿಸಿದಾಗ ಅವಳು ಕೊಟ್ಟ ಶಾಪ: ನಿನಗೆ ವಿಶ್ರಾಂತಿಯಿಲ್ಲ, ನಿನ್ನನ್ನು ಪ್ರೀತಿಸಿದವರು ಸಾಯುತ್ತಾರೆ.

ಮುಂದಿನದ್ದು ನೋಡುಗರಿಗೆ ಮೊದಲೇ ಗೊತ್ತು. ಸಾರಾ ಸಾಯುತ್ತಾಳೆ, ಜೋಸೆಟ್ ಕಡಲಂಚಿನ ಬಂಡೆಯಿಂದ ಹಾರುತ್ತಾಳೆ, ಬಾರ್ನಬಸ್‌ನನ್ನು ಪೆಟ್ಟಿಗೆಯಲ್ಲಿಟ್ಟು ಸರಪಳಿ ಬಿಗಿಯುತ್ತಾರೆ. ಇದೆಲ್ಲ ಹಿಂದಿನ ಬೇಸಿಗೆಯಲ್ಲಿ ಅಲ್ಲಲ್ಲಿ ಕೇಳಿಸಿಕೊಂಡ ಸುದ್ದಿ. ಆದರೆ ಸರಪಳಿ ಬಿಗಿಸುವವನು ಯಾರು? ಯಾವ ಶತ್ರುವೂ ಅಲ್ಲ, ತಂದೆ ಜೋಶುವಾ. ನನ್ನನ್ನು ಕೊಂದುಬಿಡು ಎಂದು ಮಗನೇ ಬೇಡಿಕೊಳ್ಳುತ್ತಾನೆ. ಯಾರ ಮುಂದೂ ತಲೆ ಬಾಗಿಸದ ಆ ಬಿರುಸಿನ ಮನುಷ್ಯನಿಗೆ ಅದು ಮಾತ್ರ ಆಗುವುದಿಲ್ಲ. ಪೆಟ್ಟಿಗೆ ಮುಚ್ಚಿಸಿ, ಶಿಲುಬೆ ಹಾಕಿಸಿ, ಸರಪಳಿ ಸುತ್ತಿಸುತ್ತಾನೆ. 1967ರ ಏಪ್ರಿಲ್‌ನಲ್ಲಿ ವಿಲಿ ಒಡೆದದ್ದು ಇದೇ ಸರಪಳಿಯನ್ನು. ಅಂದು ಬೆಚ್ಚಿಬಿದ್ದ ಮಗು ಹತ್ತಿರ ಹತ್ತಿರ ಒಂದು ವರ್ಷದ ಮೇಲೆ ಅದೇ ಪೆಟ್ಟಿಗೆಗಾಗಿ ಅತ್ತಿತು. ಇಡೀ ಐದು ವರ್ಷದಲ್ಲಿ ಇದಕ್ಕೆ ಸಮನಾದ ಬರವಣಿಗೆ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಲೂಯಿಸ್ ಎಡ್ಮಂಡ್ಸ್ ಅವರ ಆ ಕಂತುಗಳ ಅಭಿನಯ ಸಿಗಬೇಕಾದ ಮನ್ನಣೆ ಪಡೆದಿಲ್ಲ.

ಅಭಿಮಾನಿಗಳು ಇಷ್ಟು ತೀವ್ರವಾಗಿ ನೆನಪಿಟ್ಟುಕೊಳ್ಳಲು ಕಲಿತದ್ದು ಇಲ್ಲಿಯೇ. ಹಿಂದೆ ಹೇಳಿದ್ದು ಮುಂದೆ ಲೆಕ್ಕಕ್ಕೆ ಬರುತ್ತದೆ ಎಂದು ಧಾರಾವಾಹಿಯೇ ಅವರಿಗೆ ಕಲಿಸಿತು. ಲೆಕ್ಕ ತಪ್ಪಿದ ಕಡೆಯೂ ಅವರು ಹಿಡಿದರು. ಮೊದಲು ಜೋಸೆಟ್‌ಳನ್ನು 1830ರ ದಶಕದವಳು ಎಂದು ಹೇಳಿದ್ದರು, ಆಮೇಲೆ 1795 ಎಂದಾಯಿತು. ಇದನ್ನು ಎತ್ತಿ ತೋರಿಸುತ್ತ, ಸರಿಪಡಿಸಲು ತಮ್ಮದೇ ವಿವರಣೆ ಕೊಡುತ್ತ, ಹಳೆಯ ವೀಕ್ಷಕರು ಇಂದಿಗೂ ವಾದ ಮಾಡುತ್ತಾರೆ.

1795ರ ಯಶಸ್ಸಿನ ಮೇಲೆ ಮತ್ತೆ ಮತ್ತೆ ಕಾಲಪ್ರಯಾಣ ಬಂತು. 1897ರ ಕಥೆ, ಅದರಲ್ಲಿ ಡೇವಿಡ್ ಸೆಲ್ಬಿಯ ಕ್ವೆಂಟಿನ್, ಅವನ ಗ್ರಾಮಫೋನಿನಲ್ಲಿ ಬಿಡದೆ ತಿರುಗುವ ರಾಗ (ಆ ‘ಕ್ವೆಂಟಿನ್ಸ್ ಥೀಮ್’ 1969ರಲ್ಲಿ ಬಿಲ್‌ಬೋರ್ಡ್ ಪಟ್ಟಿಯ 13ನೇ ಸ್ಥಾನಕ್ಕೆ ಏರಿತು), ಸಮಾಂತರ ಕಾಲ (ಅದೇ ಮನೆಯಲ್ಲಿ ಅದೇ ಮುಖಗಳು ಬೇರೆಯೇ ಬದುಕು ಬಾಳುವ ಲೋಕ), 1840. ಹೋಗಹೋಗುತ್ತ ಕಥೆ ತನ್ನ ಹಳೆಯ ಸರಕನ್ನೇ ತಿರುತಿರುಗಿ ಅರೆಯತೊಡಗಿತು. 1971ರಲ್ಲಿ ವೀಕ್ಷಕರು ಇಳಿದರು, ಎಬಿಸಿ ನಿಲ್ಲಿಸಿತು. ಮುಂದಿನ ಸೋಮವಾರದಿಂದ ಅದೇ ವೇಳೆಗೆ ‘ಪಾಸ್‌ವರ್ಡ್’ ಎಂಬ ಆಟದ ಕಾರ್ಯಕ್ರಮ ಬಂತು.

ಮುಚ್ಚಿಡಲಾಗದ ತಪ್ಪುಗಳು

ಅಂದಿನ ಎರಡಿಂಚು ಅಗಲದ ವೀಡಿಯೊ ಟೇಪನ್ನು ಕತ್ತರಿಸಿ ಜೋಡಿಸುವುದು ದುಬಾರಿ ಕೆಲಸ. ಅದಕ್ಕಾಗಿ ಬೆಳಗ್ಗೆ ತಾಲೀಮು ಮಾಡಿ, ನೇರಪ್ರಸಾರದ ಹಾಗೆ ಒಂದೇ ಓಟದಲ್ಲಿ ಕಂತು ಹಿಡಿಯುತ್ತಿದ್ದರು. ಏನಾದರೂ ಎಡವಟ್ಟಾದರೆ ಅದೂ ಪ್ರಸಾರವಾಗುತ್ತಿತ್ತು. ಮೇಲಿಂದ ಮೈಕು ಇಳಿದು ಚೌಕಟ್ಟಿನೊಳಗೆ ಬರುತ್ತದೆ. ಸಮಾಧಿಯ ಕಲ್ಲು ತಾಗಿದರೆ ಅಲ್ಲಾಡುತ್ತದೆ. 18ನೇ ಶತಮಾನದ ಕೋಣೆಯ ಅಂಚಿನಲ್ಲಿ ಸ್ಟುಡಿಯೊದ ಕೆಲಸಗಾರನೊಬ್ಬ ನಡೆದು ಹೋಗುತ್ತಾನೆ.

ಹೊರಗಿನವರು ಇದನ್ನೆಲ್ಲ ನಗೆಗೆ ಬಳಸುತ್ತಾರೆ. ಅಭಿಮಾನಿಗಳೂ ನಗುತ್ತಾರೆ, ಆದರೆ ಅವರ ನಗುವಿನ ಬಗೆ ಬೇರೆ. ಫ್ರಿಡ್‌ಗೆ ದಿನಕ್ಕೊಂದು ಕಂತಿನಷ್ಟು ಮಾತು ಬಾಯಿಪಾಠ ಮಾಡುವುದು ಕಷ್ಟವಿತ್ತು. ಮಾತು ಮರೆತು ಕ್ಯಾಮೆರಾ ಪಕ್ಕದ ಟೆಲಿಪ್ರಾಂಪ್ಟರ್ ಕಡೆ ಅವರ ಕಣ್ಣು ಹರಿಯುವುದು ಹಲವು ಕಂತುಗಳಲ್ಲಿ ಕಾಣುತ್ತದೆ. ಆ ತಡವರಿಕೆ ಬಾರ್ನಬಸ್‌ನ ಸ್ವಭಾವವೇ ಆಗಿಹೋಯಿತು: ಗುಟ್ಟು ಬಯಲಾದೀತೆಂದು ಪ್ರತಿ ಮಾತನ್ನೂ ಅಳೆಯುವವನು, ಮನುಷ್ಯರ ನಡುವೆ ಮನುಷ್ಯನಂತೆ ನಟಿಸಲು ಹೆಣಗುವವನು. ಇನ್ನೊಬ್ಬ ನುರಿತ ನಟ ಒಂದೂ ಮಾತು ತಪ್ಪದೆ ಒಪ್ಪಿಸಿದ್ದರೆ ಈ ಪಾತ್ರದ ಮೇಲೆ ಕನಿಕರ ಹುಟ್ಟುತ್ತಿತ್ತೇ ಎಂಬುದು ನನಗೆ ಸಂಶಯ. ಗ್ರೇಸನ್ ಹಾಲ್ ಮಾಡಿದ ಡಾಕ್ಟರ್ ಜೂಲಿಯಾ ಹಾಫ್‌ಮನ್ ಅವನನ್ನು ಗುಣಪಡಿಸಲು ಹೊರಟು, ಅವನನ್ನೇ ಪ್ರೀತಿಸಿ, ತಿರುಗಿ ಏನೂ ಸಿಗದೆ ಅವನ ಜೊತೆಗೇ ಉಳಿಯುತ್ತಾಳಲ್ಲ, ನೋಡುವವರೂ ಉಳಿದದ್ದು ಅದೇ ಕಾರಣಕ್ಕೆ.

ತಪ್ಪುಗಳು ಇನ್ನೊಂದು ಕೆಲಸ ಮಾಡಿದವು. ತೆರೆಯ ಹಿಂದೆ ದುಡಿಯುವ ಜನ ಇದ್ದಾರೆ ಎಂದು ಮಕ್ಕಳಿಗೆ ತೋರಿಸಿಕೊಟ್ಟವು. ಮ್ಯಾನ್‌ಹ್ಯಾಟನ್ನಿನ ಪಶ್ಚಿಮ 53ನೇ ಬೀದಿಯ ಸ್ಟುಡಿಯೊ ಬಾಗಿಲಲ್ಲಿ ಮಕ್ಕಳು ಗುಂಪು ಕಟ್ಟಿ ನಟರಿಗಾಗಿ ಕಾಯುತ್ತಿದ್ದರು. ಆ ನಂಟು ಮುಂದೆ ದಶಕಗಟ್ಟಲೆ ಬಾಳಿತು.

ಪ್ರಸಾರ ನಿಂತ ಮೇಲೆ

1971ರ ಏಪ್ರಿಲ್‌ನಿಂದ ಕೆಲವು ವರ್ಷ ಧಾರಾವಾಹಿ ಎಲ್ಲೂ ಇರಲಿಲ್ಲ. ಅದರ ಕಾಲದ ಎಷ್ಟೋ ಹಗಲು ಧಾರಾವಾಹಿಗಳ ಟೇಪುಗಳನ್ನು ಅಳಿಸಿ ಮತ್ತೆ ಬಳಸಿಬಿಟ್ಟರು. ಟೇಪು ದುಬಾರಿ, ಒಮ್ಮೆ ಬಂದು ಹೋದ ಕಂತನ್ನು ಇನ್ನೊಮ್ಮೆ ಯಾರು ನೋಡುತ್ತಾರೆ ಎಂಬ ಎಣಿಕೆ. ‘ಡಾರ್ಕ್ ಶ್ಯಾಡೋಸ್’ನ ಟೇಪುಗಳು ಬಹುಪಾಲು ಆ ಗತಿ ಕಾಣಲಿಲ್ಲ. ಕೆಲವು ಕಂತುಗಳ ಮೂಲ ಟೇಪು ಹೋಗಿ ಕಿನೆಸ್ಕೋಪ್ ಪ್ರತಿ, ಅಂದರೆ ಪರದೆಯ ಚಿತ್ರವನ್ನೇ ಫಿಲ್ಮಿಗೆ ಹಿಡಿದದ್ದು, ಮಾತ್ರ ಉಳಿಯಿತು. ಹಾಗಾಗಿ 1967ರ ಆಗಸ್ಟ್‌ನಲ್ಲಿ ಬಣ್ಣಕ್ಕೆ ತಿರುಗಿದ ಧಾರಾವಾಹಿಯ ನಡುನಡುವೆ ಕೆಲವು ಕಂತು ಈಗ ಕಪ್ಪುಬಿಳುಪಿನಲ್ಲಿ ಬರುತ್ತವೆ.

ಆ ಖಾಲಿ ವರ್ಷಗಳಲ್ಲಿ ಅಭಿಮಾನಿಗಳ ಕೈಯಲ್ಲಿ ಇದ್ದದ್ದು ಧ್ವನಿ. ಟಿ.ವಿ.ಯ ಸ್ಪೀಕರಿನ ಮುಂದೆ ಮೈಕು ಹಿಡಿದು ಧ್ವನಿಮುದ್ರಿಸಿಕೊಂಡವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಚಿತ್ರವಿಲ್ಲದ ಕಂತನ್ನು ಕೇಳುತ್ತ ಮನಸ್ಸಿನಲ್ಲೇ ಕಾಣುವುದು, ಅಂಚೆಯಲ್ಲಿ ಪರಸ್ಪರ ಕಳಿಸುವುದು ನಡೆಯಿತು. 1970ರ ದಶಕದ ನಡುವಿನಲ್ಲಿ ಅಭಿಮಾನಿಗಳೇ ಬರೆದು ಅಚ್ಚು ಹಾಕಿದ ಪುಟ್ಟ ಪತ್ರಿಕೆಗಳು ಹುಟ್ಟಿದವು. ನಿಂತುಹೋದ ಕಥೆಯನ್ನು ಮುಂದುವರಿಸಿ ಬರೆದವರಿದ್ದರು, ಕಾಲಿನ್ಸ್ ವಂಶವೃಕ್ಷ ಬಿಡಿಸಿದವರಿದ್ದರು. 1975ರಿಂದ ಸ್ಥಳೀಯ ವಾಹಿನಿಗಳಿಗೆ ಕಂತುಗಳನ್ನು ಮಾರುವುದು ಶುರುವಾಯಿತು. ಹಗಲಿನ ಧಾರಾವಾಹಿಗೆ ಇದು ಅಪರೂಪದ ಭಾಗ್ಯ. ಆದರೆ ಮಾರಿದ್ದು ಬಾರ್ನಬಸ್ ಬಂದ ಮೇಲಿನ ಭಾಗವನ್ನು. ಮೊದಲ ಇನ್ನೂರಕ್ಕೂ ಹೆಚ್ಚು ಕಂತು ಬಹಳ ಕಾಲ ಕತ್ತಲಲ್ಲೇ ಉಳಿದವು.

1983ರಲ್ಲಿ ‘ಡಾರ್ಕ್ ಶ್ಯಾಡೋಸ್ ಫೆಸ್ಟಿವಲ್’ ಎಂಬ ವಾರ್ಷಿಕ ಕೂಟ ಆರಂಭವಾಯಿತು. ನಟರು ಬಂದರು. ಬರೀ ಸಹಿ ಹಾಕಿ ಹೋಗಲಿಲ್ಲ. ಫ್ರಿಡ್ ಅಲ್ಲಿ ಕಥೆ, ಕವಿತೆಗಳನ್ನು ಒಬ್ಬರೇ ನಿಂತು ಓದುವ ಕಾರ್ಯಕ್ರಮ ನಡೆಸಿದರು, ಆಮೇಲೆ ಅದನ್ನೇ ಹಿಡಿದು ದೇಶ ಸುತ್ತಿದರು. ಕ್ಯಾಥರಿನ್ ಲೀ ಸ್ಕಾಟ್ ತಮ್ಮದೇ ‘ಪೋಮಗ್ರನೇಟ್ ಪ್ರೆಸ್’ ಸ್ಥಾಪಿಸಿ ಧಾರಾವಾಹಿಯ ನೆನಪುಗಳನ್ನು 1986ರಲ್ಲಿ ಪ್ರಕಟಿಸಿದರು. ಲಾರಾ ಪಾರ್ಕರ್ 1998ರಲ್ಲಿ ಆಂಜೆಲೀಕ್‌ಳ ಬಾಲ್ಯದಿಂದ ಶುರುವಾಗುವ ಕಾದಂಬರಿ ಬರೆದರು. ನಟಿಯೇ ತನ್ನ ಪಾತ್ರದ ಹಿಂದಿನ ಕಥೆ ಬರೆಯುವುದು, ಅಭಿಮಾನಿಗಳು ಅದನ್ನು ಅಧಿಕೃತವೆಂದು ಸ್ವೀಕರಿಸುವುದು: ನೆನಪು ಮಾಡಿಕೊಳ್ಳುವ ಹಕ್ಕನ್ನು ಎರಡೂ ಕಡೆಯವರು ಹಂಚಿಕೊಂಡಿದ್ದರು.

1989ರಲ್ಲಿ ಎಂಪಿಐ ಹೋಮ್ ವೀಡಿಯೊ ಸಂಸ್ಥೆ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಹೊರತರಲು ಶುರುಮಾಡಿತು. ಎಲ್ಲ ಕಂತೂ ಇರಬೇಕೆಂದು ಹೊರಟಾಗ 1219ರ ಕೊರತೆ ಎದುರಾಯಿತು. 1841ರ ಸಮಾಂತರ ಕಾಲದ ಕೊನೆಯ ಕಥೆಯ ನಡುವಿನ ಕಂತು ಅದು. ಮನೆಯಲ್ಲಿ ಮುದ್ರಿಸಿದ್ದ ಧ್ವನಿಯನ್ನು ಆಧಾರ ಮಾಡಿಕೊಂಡು, ಸ್ಥಿರಚಿತ್ರಗಳನ್ನು ಹೊಂದಿಸಿ, ಲಾರಾ ಪಾರ್ಕರ್ ಅವರ ನಿರೂಪಣೆ ಸೇರಿಸಿ ಅದನ್ನು ಮರುಕಟ್ಟಿದರು. ಆ ಕಥೆಯ ನಾಯಕಿ ಕ್ಯಾಥರಿನ್ ಪಾತ್ರವೂ ಪಾರ್ಕರ್ ಅವರದ್ದೇ. ಆ ವೀಕ್ಷಕರು ಧ್ವನಿ ಹಿಡಿದಿಟ್ಟಾಗ ಆ ಟೇಪಿಗೆ ಇಂಥ ಗತಿ ಒದಗುತ್ತದೆಂದು ಯಾರಿಗೆ ಗೊತ್ತಿತ್ತು! ಪೂರ್ತಿ ಧಾರಾವಾಹಿ 2012ರಲ್ಲಿ 131 ಡಿಸ್ಕ್‌ಗಳ, ಶವಪೆಟ್ಟಿಗೆಯ ಆಕಾರದ ಒಂದೇ ಡಿವಿಡಿ ಸಂಪುಟವಾಗಿಯೂ ಬಂತು.

ಹೊಸದಾಗಿ ಮಾಡಿದವು ನಿಲ್ಲಲಿಲ್ಲ

ಇಷ್ಟು ಪ್ರೀತಿ ಇರುವಾಗ ಅದೇ ಕಥೆಯನ್ನು ಹೊಸದಾಗಿ ಮಾಡಿದರೆ ಗೆಲ್ಲಬೇಕಲ್ಲ? 1991ರಲ್ಲಿ ಕರ್ಟಿಸ್ ಅವರೇ ಎನ್‌ಬಿಸಿಗೆ ಮಾಡಿದರು, ಬೆನ್ ಕ್ರಾಸ್ ಬಾರ್ನಬಸ್ ಆಗಿ. ಹಣ ಸುರಿದು, ಚೊಕ್ಕವಾಗಿ ತೆಗೆದ ವಾರದ ಧಾರಾವಾಹಿ. ಕೊಲ್ಲಿ ಯುದ್ಧದ ಸುದ್ದಿ ಪ್ರಸಾರಗಳ ನಡುವೆ ಅದರ ವೇಳೆ ಅಸ್ತವ್ಯಸ್ತವಾಗಿ 12 ಕಂತಿಗೆ ನಿಂತಿತು. 2012ರ ಮೇನಲ್ಲಿ ಟಿಮ್ ಬರ್ಟನ್ ಅವರ ಚಲನಚಿತ್ರ ಬಂತು, ಜಾನಿ ಡೆಪ್ ನಾಯಕ. ಇಬ್ಬರೂ ಬಾಲ್ಯದಲ್ಲಿ ಆ ಧಾರಾವಾಹಿಯ ವೀಕ್ಷಕರು. ಫ್ರಿಡ್, ಪಾರ್ಕರ್, ಸ್ಕಾಟ್, ಸೆಲ್ಬಿ ನಾಲ್ವರೂ ಅದರಲ್ಲಿ ಕೆಲವು ಕ್ಷಣ ಕಾಣಿಸಿಕೊಂಡಿದ್ದಾರೆ. ಚಿತ್ರ ಬಿಡುಗಡೆಯಾಗುವ ಮೊದಲೇ, ಏಪ್ರಿಲ್‌ನಲ್ಲಿ, ಫ್ರಿಡ್ 87ನೇ ವಯಸ್ಸಿನಲ್ಲಿ ಹುಟ್ಟೂರಿನಲ್ಲೇ ತೀರಿಕೊಂಡರು.

ಆ ಚಿತ್ರ ಕಥೆಯನ್ನು ಅರ್ಧಕ್ಕರ್ಧ ತಮಾಷೆಯಾಗಿ ಮಾಡಿತು. ಹಳೆಯ ಅಭಿಮಾನಿಗಳಿಗೆ ನೋವಾದದ್ದು ಅಲ್ಲಿ, ಅವರ ನೋವು ನ್ಯಾಯವಾದದ್ದು ಎನ್ನುತ್ತೇನೆ. ಮೈಕು ಇಳಿದು ಬಂದಾಗಲೂ, ಕಲ್ಲು ಅಲ್ಲಾಡಿದಾಗಲೂ, ಅಂದಿನ ನಟರು ಒಂದು ಕ್ಷಣವೂ ಕಥೆಯನ್ನು ಹಗುರವಾಗಿ ಎಣಿಸಲಿಲ್ಲ. ಜೋನ್ ಬೆನೆಟ್ ಅಲುಗಾಡುವ ಬಾಗಿಲಿನ ಮುಂದೆ ನಿಂತೂ ರಂಗಭೂಮಿಯ ಗಾಂಭೀರ್ಯದಿಂದಲೇ ಮಾತಾಡಿದರು. ಗಾಥಿಕ್ ಕಥೆ ನಿಲ್ಲುವುದು ಅಂಥ ನಂಬಿಕೆಯ ಮೇಲೆ. 2006ರಿಂದ ಬಿಗ್ ಫಿನಿಶ್ ಸಂಸ್ಥೆ ಮೂಲ ನಟರನ್ನೇ ಕರೆದು ಧ್ವನಿನಾಟಕಗಳಾಗಿ ಕಥೆ ಮುಂದುವರಿಸಿದಾಗ ಅಭಿಮಾನಿಗಳು ಅವನ್ನು ಕೂಡಲೇ ತಮ್ಮದಾಗಿಸಿಕೊಂಡರು. ಬರೀ ಧ್ವನಿ ಕೇಳಿ ಕಾಲಿನ್‌ವುಡ್ ಕಾಣುವುದು ಅವರಿಗೆ 1970ರ ದಶಕದಿಂದಲೇ ರೂಢಿ.

ಎಲ್ಲಿಂದ ನೋಡಬೇಕು

ಅಭಿಮಾನಿಗಳ ನಡುವೆ ಇಂದಿಗೂ ಬಗೆಹರಿಯದ ಜಗಳ ಒಂದಿದೆ: ಹೊಸಬರು ಯಾವ ಕಂತಿನಿಂದ ಶುರುಮಾಡಬೇಕು? ಬಾರ್ನಬಸ್ ಬರುವ 210ರಿಂದ ಎನ್ನುವವರೇ ಹೆಚ್ಚು. ಮರುಪ್ರಸಾರಗಳೂ ಹೆಚ್ಚಾಗಿ ಅಲ್ಲಿಂದಲೇ ಆರಂಭವಾದವು, ಹಾಗಾಗಿ ಎರಡನೆಯ ತಲೆಮಾರಿಗೆ ಅದೇ ಮೊದಲ ಕಂತು. ಧಾರಾವಾಹಿ ಶುರುವಿನಿಂದಲೇ ರಕ್ತಪಿಶಾಚಿಯದ್ದು ಎಂಬ ಸಾಮಾನ್ಯ ತಿಳಿವಳಿಕೆಯೂ ಹೀಗೇ ಬೆಳೆದದ್ದು. ಹತ್ತು ತಿಂಗಳ ಕಾಲ ವಿಕ್ಟೋರಿಯಾ ಒಬ್ಬಳೇ ಆ ಮನೆಯನ್ನು ಹೊತ್ತದ್ದು ಮರೆತೇಹೋಗಿತ್ತು. ಮೊದಲ ದಿನದಿಂದ ನೋಡಿದವರು ಹೇಳಿದರೂ ತೋರಿಸಲು ಅವರ ಹತ್ತಿರ ಏನೂ ಇರಲಿಲ್ಲ. ಆ ಕಂತುಗಳು ಕ್ಯಾಸೆಟ್ಟಿನಲ್ಲಿ ಬಂದ ಮೇಲೆ ಅವರ ಮಾತು ನಿಜವಾಯಿತು.

ನಾನು ಮೊದಲ ಕಂತಿನ ಪಕ್ಷ. ಕಪ್ಪುಬಿಳುಪಿನ ಆ ತಿಂಗಳುಗಳು ನಿಧಾನ, ಕೆಲವೆಡೆ ತೀರಾ ನಿಧಾನ. ಆದರೆ ಹಳೇ ಮನೆಯ ಗೋಡೆಯಲ್ಲಿ ಜೋಸೆಟ್‌ಳ ಚಿತ್ರವನ್ನು ಡೇವಿಡ್ ಜೊತೆ ವಾರಗಟ್ಟಲೆ ನೋಡಿದವರಿಗೆ ಮಾತ್ರ, ಬಾರ್ನಬಸ್ ಬಂದು ಅದೇ ಚಿತ್ರದ ಮುಂದೆ ನಿಂತಾಗ ಆ ಮನೆ ಯಾರ ಪಾಲಿಗೆ ಕೈತಪ್ಪಿತು ಎಂಬುದು ತಟ್ಟುತ್ತದೆ. ಅಷ್ಟು ಸಮಯವಿಲ್ಲದವರು 210ರಿಂದ ಹಿಡಿದು, 1795 ಮುಗಿಯುವವರೆಗೆ, ಅಂದರೆ 1968ರ ಏಪ್ರಿಲ್ ಮೊದಲವರೆಗೆ, ಒಂದೂ ಬಿಡದೆ ನೋಡಲಿ. ದಿನಕ್ಕೆ ಒಂದೇ ಕಂತು, ಅಂದಿನವರು ನೋಡಿದ ಹಾಗೆ.